ಅಸ್ತಮಾ ಮತ್ತು ದೀರ್ಘಕಾಲಿಕ ಶ್ವಾಸಕೋಶ ರೋಗ: ಸಂಯುಕ್ತ ಇನ್ಹೇಲರಿನ ಸರಿಯಾದ ಬಳಕೆ

ಠಾಣೆ ಕೊಲ್ಲಿಯ ಪೂರ್ವದ ದಡದಲ್ಲಿ, ಪಾರ್ಸಿಕ್ ಗುಡ್ಡದ ಮಗ್ಗುಲಲ್ಲಿ ಕಳವಾ ಎಂಬ ಊರಿದೆ. ಒಂದು ಕಡೆ ಮಧ್ಯ ರೈಲ್ವೆಯ ಹಳಿಗಳು, ಇನ್ನೊಂದು ಕಡೆ ದಿಘಾದಿಂದ ತುರ್ಭೆಯತ್ತ ಹಬ್ಬಿದ ಠಾಣೆ-ಬೇಲಾಪುರ ಕೈಗಾರಿಕಾ ಪ್ರದೇಶ. ಕಳವಾ, ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ಕನ್ನಡ ಮಾತನಾಡುವ ಸಹಸ್ರಾರು ಕುಟುಂಬಗಳು ನೆಲೆಸಿವೆ. ಕರಾವಳಿಯಿಂದ ಹೋಟೆಲ್ ಉದ್ಯಮವನ್ನು ನಂಬಿ ಬಂದವರು, ವಿಜಯಪುರ, ಕಲಬುರಗಿಗಳ ಕಡೆಯಿಂದ ಕಟ್ಟಡ ಕೆಲಸಕ್ಕಾಗಿ ಬಂದವರು, ಕಾರ್ಖಾನೆ ಮತ್ತು ಕಚೇರಿಗಳಲ್ಲಿ ದುಡಿಯುವವರು ಇವರಲ್ಲಿದ್ದಾರೆ. ಒಲೆಯ ಹೊಗೆ, ಸಿಮೆಂಟಿನ ಧೂಳು, ರಾಸಾಯನಿಕಗಳ ಘಾಟು, ಕೊಲ್ಲಿಯ ತೇವ ಇವೆಲ್ಲವೂ ಇವರ ನಿತ್ಯದ ಸಂಗಾತಿಗಳು. ಆದುದರಿಂದ ಶ್ವಾಸಕೋಶದ ಕಾಯಿಲೆಗಳನ್ನು ಕುರಿತ ತಿಳಿವಳಿಕೆ ಈ ಭಾಗದ ಕನ್ನಡಿಗರಿಗೆ ವಿಶೇಷವಾಗಿ ಅವಶ್ಯಕವಾಗಿದೆ.

2018ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನ ಪ್ರಕಾರ 2016ರಲ್ಲಿ ನಮ್ಮ ದೇಶದಲ್ಲಿ ಸುಮಾರು 3 ಕೋಟಿ 80 ಲಕ್ಷ ಜನರಿಗೆ ಅಸ್ತಮಾ ಹಾಗೂ ಸುಮಾರು 5 ಕೋಟಿ 50 ಲಕ್ಷ ಜನರಿಗೆ ದೀರ್ಘಕಾಲಿಕ ಶ್ವಾಸಮಾರ್ಗ ತಡೆ ರೋಗ ಇದ್ದಿತು. ಎರಡನೆಯ ಕಾಯಿಲೆಯ ರೋಗಿಗಳ ಸಂಖ್ಯೆ 1990ರಲ್ಲಿ ಸುಮಾರು 2 ಕೋಟಿ 80 ಲಕ್ಷವಿದ್ದುದು ಕಾಲು ಶತಮಾನದಲ್ಲಿ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಈ ಕಾಯಿಲೆಗಳನ್ನು ಹತೋಟಿಯಲ್ಲಿಡುವ ಔಷಧಗಳು ಇಂದು ಲಭ್ಯವಿವೆ. ಆದರೂ ಅನೇಕರು ಅವುಗಳನ್ನು ಬಳಸುತ್ತಿಲ್ಲ. ಬಳಸುವವರಲ್ಲಿ ಹಲವರು ಸರಿಯಾಗಿ ಬಳಸುತ್ತಿಲ್ಲ. ಜನಸಾಮಾನ್ಯರು ಪಂಪು ಎಂದು ಕರೆಯುವ ಇನ್ಹೇಲರ್, ಅದರಲ್ಲಿಯೂ ಎರಡು ಔಷಧಗಳು ಒಂದಾಗಿರುವ ಸಂಯುಕ್ತ ಇನ್ಹೇಲರ್, ಏನು ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಲಕ್ಷಣ ಒಂದೇ, ಕಾಯಿಲೆ ಎರಡು

ಉಬ್ಬಸ, ಗೂರಲು, ದಮ್ಮು ಎಂಬ ಮಾತುಗಳಿಂದ ನಮ್ಮ ಜನರು ಉಸಿರಾಟದ ಎಲ್ಲ ತೊಂದರೆಗಳನ್ನೂ ಸೂಚಿಸುವುದುಂಟು. ಆದರೆ ವೈದ್ಯರು ಇವುಗಳ ಹಿಂದೆ ಮುಖ್ಯವಾಗಿ ಎರಡು ಭಿನ್ನ ಕಾಯಿಲೆಗಳನ್ನು ಕಾಣುತ್ತಾರೆ.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪೊರೆಯಲ್ಲಿ ಉರಿಯೂತವಿರುತ್ತದೆ. ಧೂಳು, ಹೊಗೆ, ಶೀತ, ಪರಾಗ ಮುಂತಾದ ಯಾವುದಾದರೊಂದು ಪ್ರಚೋದನೆ ದೊರೆತಾಗ ನಾಳಗಳ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ. ಉಸಿರಿನ ದಾರಿ ಕಿರಿದಾಗಿ ಎದೆಯಲ್ಲಿ ಸಿಳ್ಳೆಯಂತಹ ಸದ್ದು ಕೇಳಿಬರುತ್ತದೆ. ಈ ತೊಂದರೆ ಬಂದು ಹೋಗುವ ಸ್ವಭಾವದ್ದು. ರಾತ್ರಿಯಲ್ಲಿ ಮತ್ತು ಬೆಳಗಿನ ಜಾವದಲ್ಲಿ ಹೆಚ್ಚು. ಬಹಳ ಮಂದಿಯಲ್ಲಿ ಬಾಲ್ಯದಲ್ಲಿಯೇ ಪ್ರಾರಂಭವಾಗುತ್ತದೆ.

ದೀರ್ಘಕಾಲಿಕ ಶ್ವಾಸಮಾರ್ಗ ತಡೆ ರೋಗವು ಸಾಮಾನ್ಯವಾಗಿ ನಲವತ್ತು ವಯಸ್ಸಿನ ನಂತರ ಕಾಣಿಸಿಕೊಳ್ಳುತ್ತದೆ. ಬೀಡಿ, ಸಿಗರೇಟುಗಳ ಹೊಗೆ, ಸೌದೆ ಮತ್ತು ಬೆರಣಿಯ ಒಲೆಯ ಹೊಗೆ, ವೃತ್ತಿಯಲ್ಲಿ ಎದುರಾಗುವ ಧೂಳು, ಹಿಂದೆ ಬಂದು ಹೋದ ಕ್ಷಯರೋಗ ಇವು ಇದಕ್ಕೆ ಕಾರಣಗಳು. ಇಲ್ಲಿ ನಾಳಗಳಿಗೂ ಗಾಳಿಗೂಡುಗಳಿಗೂ ಆದ ಹಾನಿ ಪೂರ್ಣವಾಗಿ ಮರಳಿ ಸರಿಹೋಗುವುದಿಲ್ಲ. ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಏದುಸಿರು ಕೆಲವು ವರ್ಷಗಳಲ್ಲಿ ಸ್ನಾನ ಮಾಡುವಾಗಲೂ ಬರತೊಡಗುತ್ತದೆ. ಬೀಡಿಯನ್ನು ಮುಟ್ಟದ, ಆದರೆ ಊರಿನಲ್ಲಿ ದಶಕಗಳ ಕಾಲ ಸೌದೆಯ ಒಲೆಯ ಮುಂದೆ ಕುಳಿತ ತಾಯಂದಿರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಮರೆಯಬಾರದು.

ಎರಡನ್ನೂ ಬೇರ್ಪಡಿಸಿ ತಿಳಿಯಲು ಸ್ಪೈರೋಮೆಟ್ರಿ ಎಂಬ ಸರಳ ಪರೀಕ್ಷೆ ಇದೆ. ರೋಗಿಯು ಒಂದು ಕೊಳವೆಯೊಳಗೆ ಬಲವಾಗಿ ಉಸಿರನ್ನು ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂದಿತು, ಒಟ್ಟು ಎಷ್ಟು ಬಂದಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು ಮತ್ತೊಮ್ಮೆ ಊದಿಸಿ ನೋಡುತ್ತಾರೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಇದ್ದವರು ಕಫದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಕ್ಷಯರೋಗದ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದೆ.

ಸಂಯುಕ್ತ ಇನ್ಹೇಲರ್ ಎಂದರೇನು?

ಇನ್ಹೇಲರಿನಲ್ಲಿ ದೊರೆಯುವ ಔಷಧಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ತಕ್ಷಣ ಉಪಶಮನ ನೀಡುವವು ಒಂದು ಬಗೆ. ಸಾಲ್ಬುಟಮಾಲ್ ಇದಕ್ಕೆ ಉದಾಹರಣೆ. ಇದು ಬಿಗಿದ ಸ್ನಾಯುವನ್ನು ನಾಲ್ಕಾರು ಗಂಟೆಗಳ ಕಾಲ ಸಡಿಲಿಸುತ್ತದೆ, ಆದರೆ ಒಳಗಿನ ಉರಿಯೂತವನ್ನು ಮುಟ್ಟುವುದಿಲ್ಲ. ಕಾಯಿಲೆಯನ್ನು ಹತೋಟಿಯಲ್ಲಿಡುವವು ಇನ್ನೊಂದು ಬಗೆ. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್ ಮುಂತಾದ ಸ್ಟೀರಾಯ್ಡ್ ಔಷಧಗಳು ಈ ಗುಂಪಿಗೆ ಸೇರುತ್ತವೆ. ಇವು ಉರಿಯೂತವನ್ನು ಇಳಿಸುತ್ತವೆ. ಇವುಗಳ ಗುಣ ಕಾಣಲು ಕೆಲವು ದಿನಗಳು, ಪೂರ್ಣವಾಗಿ ಕಾಣಲು ಹಲವು ವಾರಗಳು ಬೇಕು.

ಸಂಯುಕ್ತ ಇನ್ಹೇಲರಿನಲ್ಲಿ ಉರಿಯೂತವನ್ನು ಇಳಿಸುವ ಸ್ಟೀರಾಯ್ಡ್ ಔಷಧದ ಜೊತೆಗೆ ಸುಮಾರು ಹನ್ನೆರಡು ಗಂಟೆಗಳ ಕಾಲ ಶ್ವಾಸನಾಳವನ್ನು ತೆರೆದಿಡುವ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ ಇರುತ್ತದೆ. ಒಂದು ಔಷಧ ಬಾಗಿಲನ್ನು ತೆರೆಯುತ್ತದೆ, ಮತ್ತೊಂದು ಒಳಗಿನ ಬೆಂಕಿಯನ್ನು ನಂದಿಸುತ್ತದೆ ಎನ್ನಬಹುದು. ಎರಡನ್ನೂ ಒಂದೇ ಸಾಧನದಲ್ಲಿ ಇಡುವುದರಿಂದ ಮತ್ತೊಂದು ಪ್ರಯೋಜನವಿದೆ. ಬೇರೆ ಬೇರೆಯಾಗಿ ಕೊಟ್ಟರೆ, ಕೂಡಲೇ ಸುಖ ಕೊಡುವುದನ್ನು ಮಾತ್ರ ಸೇದಿ, ನಿಧಾನವಾಗಿ ಗುಣ ಕೊಡುವುದನ್ನು ಕೈಬಿಡುವುದು ಮನುಷ್ಯಸ್ವಭಾವ. ಸಂಯುಕ್ತ ಔಷಧದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಸೇದಲು ಸಾಧ್ಯವಿಲ್ಲ.

ದೀರ್ಘಕಾಲಿಕ ಶ್ವಾಸಮಾರ್ಗ ತಡೆ ರೋಗದಲ್ಲಿ ಟಯೋಟ್ರೋಪಿಯಂ, ಗ್ಲೈಕೊಪೈರೋನಿಯಂ ಮುಂತಾದ ಬೇರೊಂದು ವರ್ಗದ ನಾಳ ಹಿಗ್ಗಿಸುವ ಔಷಧಗಳನ್ನೂ ಸೇರಿಸುತ್ತಾರೆ. ಈ ಕಾಯಿಲೆಯ ಎಲ್ಲರಿಗೂ ಸ್ಟೀರಾಯ್ಡ್ ಬೇಕಾಗುವುದಿಲ್ಲ. ಪದೇ ಪದೇ ಉಲ್ಬಣಗೊಳ್ಳುವವರಿಗೆ ಅದು ಉಪಯುಕ್ತ. ಆದರೆ ಕೆಲವರಲ್ಲಿ ನ್ಯುಮೋನಿಯಾದ ಸಂಭವವನ್ನು ಹೆಚ್ಚಿಸುತ್ತದೆ. ಆದ್ದರಿಂದ ನೆರೆಮನೆಯವರ ಪಂಪು ನಮಗೂ ಆದೀತೆಂದು ತಿಳಿಯುವುದು ತಪ್ಪು. ಅಸ್ತಮಾದಲ್ಲಿ ಇದರ ಮಾತು ಬೇರೆ. ಅಲ್ಲಿ ಸ್ಟೀರಾಯ್ಡ್ ಔಷಧವೇ ಚಿಕಿತ್ಸೆಯ ಬುನಾದಿ. ಅದಿಲ್ಲದೆ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲನ್ನು ಮಾತ್ರ ಬಳಸುವುದು ಅಪಾಯಕರ.

ಉಸಿರಿನ ಮೂಲಕ ಔಷಧ: ಒಂದು ಹಿನ್ನೋಟ

ಉಸಿರಿನ ಮೂಲಕ ಔಷಧ ಕೊಡುವ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. ಆಯುರ್ವೇದದಲ್ಲಿ ತಮಕ ಶ್ವಾಸವೆಂಬ ಹೆಸರಿನಲ್ಲಿ ಅಸ್ತಮಾವನ್ನು ಹೋಲುವ ಕಾಯಿಲೆಯ ವರ್ಣನೆ ಇದೆ. ಔಷಧೀಯ ಧೂಮಪಾನದ ಪ್ರಸ್ತಾಪವೂ ಇದೆ. ದತ್ತೂರಿಯ ಹೊಗೆಯಿಂದ ಉಬ್ಬಸ ಇಳಿಯುತ್ತದೆಂಬ ತಿಳಿವಳಿಕೆ 19ನೆಯ ಶತಮಾನದ ಆರಂಭದಲ್ಲಿ ಮದ್ರಾಸಿನ ಕಡೆಯಿಂದ ಬ್ರಿಟನ್ನಿಗೆ ಹೋಯಿತು. ದತ್ತೂರಿಯು ವಿಷ, ಅದನ್ನು ಮನೆಯಲ್ಲಿ ಪ್ರಯೋಗಿಸುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಆದರೆ ಅದರಲ್ಲಿರುವ ರಾಸಾಯನಿಕಗಳು ನಾಳವನ್ನು ಹಿಗ್ಗಿಸುವ ಬಗೆಯಲ್ಲಿಯೇ ಇಂದಿನ ಟಯೋಟ್ರೋಪಿಯಂ ಕೆಲಸ ಮಾಡುತ್ತದೆ.

ಇಂದಿನ ಒತ್ತುವ ಪಂಪಿನ ಹುಟ್ಟಿಗೆ ಒಬ್ಬ ಬಾಲಕಿಯ ಪ್ರಶ್ನೆ ಕಾರಣವಾಯಿತು. ಅಮೆರಿಕದ ಔಷಧ ತಯಾರಕ ಸಂಸ್ಥೆಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳು ಅಸ್ತಮಾದಿಂದ ಬಳಲುತ್ತಿದ್ದಳು. ಸುಗಂಧದ ತುಂತುರು ಡಬ್ಬಿಯಂತೆ ತನ್ನ ಔಷಧವೂ ಏಕೆ ಇರಬಾರದೆಂದು ಅವಳು 1955ರಲ್ಲಿ ತಂದೆಯನ್ನು ಕೇಳಿದಳು. 1956ರಲ್ಲಿ ಮೊದಲ ಪಂಪು ಮಾರುಕಟ್ಟೆಗೆ ಬಂದಿತು. ಸ್ಟೀರಾಯ್ಡ್ ಮತ್ತು ದೀರ್ಘಾವಧಿಯ ನಾಳ ಹಿಗ್ಗಿಸುವ ಔಷಧಗಳ ಸಂಯುಕ್ತ ಇನ್ಹೇಲರುಗಳು 1990ರ ದಶಕದ ಕೊನೆಯ ವೇಳೆಗೆ ಬಳಕೆಗೆ ಬಂದವು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್‌ಗಳ ಸಂಯೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ 2022ರ ರಾಷ್ಟ್ರೀಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಅದು ಇದೆ.

ಉಪಶಮನದ ಪಂಪನ್ನು ಮಾತ್ರ ನಂಬಬಾರದು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಲವತ್ತೈದು ವಯಸ್ಸಿನ ಅಡುಗೆಯವರೊಬ್ಬರು ಕಳವಾದ ಚಾಳಿನಲ್ಲಿ ವಾಸವಾಗಿದ್ದು ಠಾಣೆಯ ಹೋಟೆಲೊಂದರಲ್ಲಿ ದುಡಿಯುತ್ತಾರೆ. ಬಾಲ್ಯದಿಂದಲೂ ಉಬ್ಬಸ. ಜೇಬಿನಲ್ಲಿ ಸದಾ ಸಾಲ್ಬುಟಮಾಲ್ ಪಂಪು. ಒಂದೆರಡು ಬಾರಿ ಸೇದಿದರೆ ಉಸಿರು ಸರಾಗವಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಮೊದಲು ವಾರಕ್ಕೆ ಎರಡು ಸಲ ಬೇಕಾಗುತ್ತಿದ್ದುದು ದಿನಕ್ಕೆ ನಾಲ್ಕು ಸಲವಾಗುತ್ತದೆ. ವೈದ್ಯರು ಬರೆದುಕೊಟ್ಟ ಸಂಯುಕ್ತ ಇನ್ಹೇಲರನ್ನು ಒಂದು ತಿಂಗಳು ಸೇದಿ, ಗುಣವಾಯಿತೆಂದು ಬಿಟ್ಟಿದ್ದಾರೆ. ಜುಲೈ ತಿಂಗಳ ಒಂದು ರಾತ್ರಿ ಶೀತ ಎದೆಗಿಳಿದು ಪಂಪು ಕೆಲಸ ಮಾಡದಾಗುತ್ತದೆ. ಮಳೆಯಲ್ಲಿ ಆಟೋ ಸಿಗುವ ಹೊತ್ತಿಗೆ ತುಟಿ ನೀಲಿಗಟ್ಟಿರುತ್ತದೆ.

ಇಲ್ಲಿ ಔಷಧದ ಕೊರತೆ ಇರಲಿಲ್ಲ. ಕ್ರಮದ ಕೊರತೆ ಇದ್ದಿತು. ಉಪಶಮನದ ಪಂಪು ಅವರಿಗೆ ಪ್ರತಿದಿನ ಸುಖ ಕೊಟ್ಟು, ಒಳಗೆ ಬೆಳೆಯುತ್ತಿದ್ದ ಉರಿಯೂತವನ್ನು ಮರೆಮಾಚಿತು. ಇಂತಹ ಅನುಭವಗಳ ಆಧಾರದ ಮೇಲೆಯೇ 2019ರಲ್ಲಿ ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬದಲಾಯಿತು. ವಯಸ್ಕರಲ್ಲಿ ಮತ್ತು ಹದಿಹರೆಯದವರಲ್ಲಿ ಸಾಲ್ಬುಟಮಾಲ್ ಒಂದನ್ನೇ ನೀಡಿ ಅಸ್ತಮಾಕ್ಕೆ ಚಿಕಿತ್ಸೆ ಮಾಡಬಾರದು, ಕಾಯಿಲೆ ಸೌಮ್ಯವಾಗಿದ್ದರೂ ಸ್ಟೀರಾಯ್ಡ್ ಇರುವ ಇನ್ಹೇಲರ್ ಇರಲೇಬೇಕು ಎಂಬುದು ಅದರ ಸಾರ. ಇನ್ನೂರು ಬಾರಿ ಸೇದಬಹುದಾದ ಸಾಲ್ಬುಟಮಾಲ್ ಡಬ್ಬಿಗಳು ವರ್ಷಕ್ಕೆ ಮೂರು ಅಥವಾ ಹೆಚ್ಚು ಖರ್ಚಾಗುತ್ತಿದ್ದರೆ ಕಾಯಿಲೆ ಹತೋಟಿ ತಪ್ಪಿದೆ ಎಂದೇ ಅರ್ಥ. ಅಂತಹವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಇರುವ ಇನ್ಹೇಲರನ್ನು ವೈದ್ಯರು ಕೆಲವು ಅಸ್ತಮಾ ರೋಗಿಗಳಿಗೆ ನಿತ್ಯದ ಬಳಕೆಗೂ ತೊಂದರೆಯಾದಾಗಿನ ಬಳಕೆಗೂ ಒಂದಾಗಿಯೇ ಸೂಚಿಸುವುದುಂಟು. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುವುದರಿಂದ ಇದು ಸಾಧ್ಯ. ಸಾಲ್ಮೆಟೆರಾಲ್ ನಿಧಾನವಾಗಿ ಕೆಲಸ ಮಾಡುತ್ತದೆ. ಅದಿರುವ ಇನ್ಹೇಲರನ್ನು ತುರ್ತು ಉಪಶಮನಕ್ಕೆ ಬಳಸಕೂಡದು. ತಮ್ಮ ಇನ್ಹೇಲರಿನಲ್ಲಿ ಯಾವ ಔಷಧವಿದೆ, ದಿನಕ್ಕೆ ಹೆಚ್ಚೆಂದರೆ ಎಷ್ಟು ಬಾರಿ ಸೇದಬಹುದು ಎಂಬುದನ್ನು ಪ್ರತಿಯೊಬ್ಬ ರೋಗಿಯೂ ವೈದ್ಯರಿಂದ ಕೇಳಿ ಬರೆಯಿಸಿಕೊಳ್ಳಬೇಕು.

ಒತ್ತುವ ಪಂಪನ್ನು ಬಳಸುವ ಕ್ರಮ

1. ನೆಟ್ಟಗೆ ಕುಳಿತುಕೊಳ್ಳಬೇಕು ಅಥವಾ ನಿಂತುಕೊಳ್ಳಬೇಕು. ಮುಚ್ಚಳವನ್ನು ತೆಗೆದು, ಬಾಯಿಯ ಭಾಗ ಸ್ವಚ್ಛವಾಗಿದೆಯೇ ಎಂದು ನೋಡಿ, ಪಂಪನ್ನು ಚೆನ್ನಾಗಿ ಅಲುಗಾಡಿಸಬೇಕು. ಹೊಸ ಪಂಪಾಗಿದ್ದರೆ ಅಥವಾ ಅನೇಕ ದಿನಗಳಿಂದ ಬಳಸದಿದ್ದರೆ ಒಂದೆರಡು ಬಾರಿ ಗಾಳಿಯಲ್ಲಿ ಸಿಂಪಡಿಸಬೇಕು.

2. ಉಸಿರನ್ನು ನಿಧಾನವಾಗಿ, ಆರಾಮವೆನಿಸುವಷ್ಟು ಹೊರಬಿಡಬೇಕು.

3. ಪಂಪಿನ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಬೇಕು.

4. ಬಾಯಿಯಿಂದ ನಿಧಾನವಾಗಿ ಉಸಿರೆಳೆಯಲು ಆರಂಭಿಸಿ, ಆಗಲೇ ಡಬ್ಬಿಯನ್ನು ಒಮ್ಮೆ ಒತ್ತಿ, ಮೂರರಿಂದ ಐದು ಸೆಕೆಂಡುಗಳವರೆಗೆ ಎಳೆಯುತ್ತಲೇ ಇರಬೇಕು.

5. ಪಂಪನ್ನು ತೆಗೆದು, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಉಸಿರನ್ನು ಹಿಡಿಯಬೇಕು.

6. ಎರಡನೆಯ ಬಾರಿ ಸೇದಬೇಕಿದ್ದರೆ ಸುಮಾರು ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಇದೇ ಕ್ರಮವನ್ನು ಅನುಸರಿಸಬೇಕು.

7. ಕೊನೆಯಲ್ಲಿ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲನ್ನು ಗಳಗಳಿಸಿ, ಆ ನೀರನ್ನು ಉಗುಳಬೇಕು. ನುಂಗಬಾರದು.

ಒತ್ತುವುದನ್ನೂ ಉಸಿರೆಳೆಯುವುದನ್ನೂ ಹೊಂದಿಸುವುದು ಮಕ್ಕಳಿಗೆ, ವೃದ್ಧರಿಗೆ ಹಾಗೂ ಏದುಸಿರು ಬಿಡುತ್ತಿರುವವರಿಗೆ ಕಷ್ಟ. ಅವರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ನೆರವಾಗುತ್ತದೆ. ಪಂಪನ್ನು ಅದರ ಒಂದು ತುದಿಗೆ ಸಿಕ್ಕಿಸಿ ಒತ್ತಿ, ಇನ್ನೊಂದು ತುದಿಯಿಂದ ಉಸಿರೆಳೆದುಕೊಳ್ಳಬಹುದು. ಗಂಟಲಿಗೆ ಅಂಟುವ ಔಷಧ ಕಡಿಮೆಯಾಗಿ ಶ್ವಾಸಕೋಶಕ್ಕೆ ಸೇರುವುದು ಹೆಚ್ಚುತ್ತದೆ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ, ತಾನಾಗಿ ಒಣಗಲು ಬಿಡಬೇಕು. ಒರೆಸಿದರೆ ಸ್ಥಿರವಿದ್ಯುತ್ತು ಹುಟ್ಟಿ ಔಷಧ ಗೋಡೆಗೆ ಅಂಟಿಕೊಳ್ಳುತ್ತದೆ. ಕೊಳ್ಳಲು ಶಕ್ತಿಯಿಲ್ಲದವರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿಗೆ ಸರಿಯಾಗಿ ಹೊಂದುವ ರಂಧ್ರ ಮಾಡಿ ಬಳಸಬಹುದು. ಇಂತಹ ಬಾಟಲಿಯೂ ಸ್ಪೇಸರಿನಂತೆ ಉಪಯುಕ್ತವೆಂದು ದಕ್ಷಿಣ ಆಫ್ರಿಕದಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನ 1999ರಲ್ಲಿ ತೋರಿಸಿಕೊಟ್ಟಿತು.

ಪುಡಿಯ ಇನ್ಹೇಲರಿನ ಕ್ರಮ ಬೇರೆ

ರೋಟಾಹೇಲರ್ ಮುಂತಾದ ಸಾಧನಗಳಲ್ಲಿ ಔಷಧವು ಒಣಪುಡಿಯ ರೂಪದಲ್ಲಿ ಕ್ಯಾಪ್ಸೂಲಿನೊಳಗೆ ಇರುತ್ತದೆ. ಕ್ಯಾಪ್ಸೂಲನ್ನು ಸಾಧನದಲ್ಲಿಟ್ಟು, ತಿರುಗಿಸಿ ಒಡೆದು, ಸಾಧನದಿಂದ ಮುಖವನ್ನು ಆಚೆಗೆ ತಿರುಗಿಸಿ ಉಸಿರನ್ನು ಹೊರಬಿಟ್ಟು, ನಂತರ ತುಟಿಗಳನ್ನು ಬಿಗಿದು ಜೋರಾಗಿ, ಆಳವಾಗಿ ಎಳೆದುಕೊಳ್ಳಬೇಕು. ಒತ್ತುವ ಪಂಪಿಗೆ ನಿಧಾನವಾದ ಉಸಿರು ಬೇಕು. ಪುಡಿಯ ಸಾಧನಕ್ಕೆ ರಭಸದ ಉಸಿರು ಬೇಕು. ಈ ವ್ಯತ್ಯಾಸವನ್ನು ನೆನಪಿಡಬೇಕು. ಹತ್ತು ಎಣಿಸುವವರೆಗೆ ಉಸಿರನ್ನು ಹಿಡಿದು, ಪುಡಿ ಉಳಿದಿದ್ದರೆ ಮತ್ತೊಮ್ಮೆ ಸೇದಿ, ಬಾಯಿ ಮುಕ್ಕಳಿಸಬೇಕು. ಈ ಕ್ಯಾಪ್ಸೂಲನ್ನು ನುಂಗುವ ತಪ್ಪನ್ನು ಮಾಡಬಾರದು.

ಕೊಲ್ಲಿಯ ಅಂಚಿನ ಊರುಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಗೋಡೆಯೂ ಬೆವರುತ್ತದೆ. ತೇವ ತಗುಲಿದ ಪುಡಿ ಮುದ್ದೆಗಟ್ಟಿ ಶ್ವಾಸಕೋಶಕ್ಕೆ ಹೋಗುವುದಿಲ್ಲ. ಆದ್ದರಿಂದ ಕ್ಯಾಪ್ಸೂಲುಗಳನ್ನು ಅವುಗಳ ಡಬ್ಬಿಯಲ್ಲಿಯೇ ಬಿಗಿಯಾಗಿ ಮುಚ್ಚಿಡಬೇಕು, ಬೇಕಾದಾಗ ಒಂದನ್ನೇ ಹೊರತೆಗೆಯಬೇಕು. ಸ್ನಾನದ ಮನೆಯಲ್ಲಿ ಇಡಬಾರದು. ಸಾಧನದೊಳಗೆ ಉಸಿರನ್ನು ಊದಬಾರದು.

ಕೆಲವು ಸಂದೇಹಗಳಿಗೆ ಸಮಾಧಾನ

ಪಂಪು ಅಭ್ಯಾಸವಾಗಿ ಬಿಡುತ್ತದೆಯೇ? ಇಲ್ಲ. ಇದು ಚಟ ಹುಟ್ಟಿಸುವ ವಸ್ತುವಲ್ಲ. ಕನ್ನಡಕವನ್ನು ಹಾಕಿಕೊಂಡವರಿಗೆ ಕನ್ನಡಕದ ಚಟವಿದೆ ಎನ್ನುವುದಿಲ್ಲ, ಇದೂ ಹಾಗೆಯೇ. ಕಾಯಿಲೆ ಇರುವವರೆಗೆ ಔಷಧ ಬೇಕು. ಕೆಲವು ತಿಂಗಳ ಕಾಲ ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣವನ್ನು ಇಳಿಸುತ್ತಾರೆ.

ಸ್ಟೀರಾಯ್ಡ್ ಹಾನಿಕರವಲ್ಲವೇ? ಉಲ್ಬಣವಾದಾಗ ಪ್ರೆಡ್ನಿಸೊಲೋನ್ ಮಾತ್ರೆಯನ್ನು ದಿನಕ್ಕೆ 40 ಮಿಲಿಗ್ರಾಂವರೆಗೆ ಕೊಡುತ್ತಾರೆ. ಇನ್ಹೇಲರಿನ ಮೂಲಕ ಸೇರುವ ಬುಡೆಸೊನೈಡ್ ದಿನಕ್ಕೆ 400 ಮೈಕ್ರೊಗ್ರಾಂ ಎಂದಿಟ್ಟುಕೊಂಡರೆ, ಅದು ಒಂದು ಮಿಲಿಗ್ರಾಮಿನ ಅರ್ಧಕ್ಕಿಂತ ಕಡಿಮೆ. ಔಷಧಗಳು ಬೇರೆಯಾದರೂ ತೂಕದಲ್ಲಿರುವ ನೂರು ಪಟ್ಟಿನ ಅಂತರ ಗಮನಾರ್ಹ. ಔಷಧವು ರಕ್ತದ ಮೂಲಕ ಇಡೀ ಶರೀರವನ್ನು ಸುತ್ತದೆ ಬೇಕಾದ ಸ್ಥಳಕ್ಕೆ ನೇರವಾಗಿ ಹೋಗುವುದರಿಂದ ಇಷ್ಟು ಅಲ್ಪ ಪ್ರಮಾಣ ಸಾಕಾಗುತ್ತದೆ. ಪಂಪಿಗೆ ಹೆದರಿ ಮಾತ್ರೆಯನ್ನೇ ನೆಚ್ಚಿಕೊಂಡವರು ಸಣ್ಣ ಅಪಾಯದಿಂದ ತಪ್ಪಿಸಿಕೊಂಡು ದೊಡ್ಡ ಅಪಾಯಕ್ಕೆ ಸಿಲುಕುತ್ತಾರೆ.

ಅಡ್ಡ ಪರಿಣಾಮಗಳೇ ಇಲ್ಲವೇ? ಇವೆ. ನಾಲಿಗೆಯ ಮೇಲೆ ಬಿಳಿಯ ಪದರ, ಧ್ವನಿ ಒಡೆಯುವುದು, ಕೈ ನಡುಕ, ಎದೆ ಬಡಿತ ಕೆಲವರಲ್ಲಿ ಕಂಡುಬರುತ್ತವೆ. ಮೊದಲ ಎರಡನ್ನು ಬಾಯಿ ಮುಕ್ಕಳಿಸುವುದರಿಂದ ಮತ್ತು ಸ್ಪೇಸರಿನಿಂದ ಬಹುಮಟ್ಟಿಗೆ ತಡೆಯಬಹುದು. ಹೆಚ್ಚಿನ ಪ್ರಮಾಣವನ್ನು ಅನೇಕ ವರ್ಷಗಳ ಕಾಲ ಬಳಸುವವರು ಕಣ್ಣು ಮತ್ತು ಮೂಳೆಗಳ ತಪಾಸಣೆಯನ್ನು ಕುರಿತು ವೈದ್ಯರನ್ನು ಕೇಳಬೇಕು.

ಗರ್ಭಿಣಿಯರು ನಿಲ್ಲಿಸಬೇಕೇ? ತಾವಾಗಿ ನಿಲ್ಲಿಸಕೂಡದು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲದು. ಗರ್ಭಿಣಿಯಾದ ವಿಷಯವನ್ನು ವೈದ್ಯರಿಗೆ ತಿಳಿಸಿ ಚಿಕಿತ್ಸೆಯನ್ನು ಮುಂದುವರಿಸಬೇಕು.

ಉಪವಾಸದ ದಿನಗಳಲ್ಲಿ ಏನು ಮಾಡಬೇಕು? ದಿನಕ್ಕೆ ಎರಡು ಬಾರಿ ಸೇದುವ ಔಷಧವನ್ನು ಸೂರ್ಯೋದಯಕ್ಕೆ ಮುನ್ನ ಮತ್ತು ಸೂರ್ಯಾಸ್ತದ ನಂತರಕ್ಕೆ ಹೊಂದಿಸಿಕೊಳ್ಳಬಹುದು. ಉಬ್ಬಸ ಬಂದಾಗ ಮಾತ್ರ ಯಾವ ವ್ರತಕ್ಕಾಗಿಯೂ ಔಷಧವನ್ನು ತಡೆಯಬಾರದು.

ಮೃಗಶಿರಾ ಮಳೆ ಕೂಡುವ ಸಮಯದಲ್ಲಿ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕಾಗಿ ನಮ್ಮ ಜನರೂ ಹೋಗುವುದುಂಟು. ಶ್ರದ್ಧೆ ಅವರವರದು. ಆದರೆ ಅಲ್ಲಿಗೆ ಹೋಗುವವರು ಇನ್ಹೇಲರನ್ನು ಜೊತೆಯಲ್ಲಿಯೇ ಒಯ್ಯಬೇಕು, ಒಂದು ಹೊತ್ತಿನ ಪ್ರಮಾಣವನ್ನೂ ತಪ್ಪಿಸಬಾರದು. ಜನಸಂದಣಿ, ಧೂಳು ಮತ್ತು ಪ್ರಯಾಣದ ಆಯಾಸಗಳೇ ಉಬ್ಬಸವನ್ನು ಕೆರಳಿಸಬಲ್ಲವು.

ದೈನಂದಿನ ಎಚ್ಚರಿಕೆಗಳು

ಡಬ್ಬಿಯಲ್ಲಿ ಔಷಧ ಉಳಿದಿದೆಯೇ ಎಂದು ತಿಳಿಯಲು ಅದನ್ನು ನೀರಿನಲ್ಲಿ ತೇಲಿಸಿ ನೋಡುವುದು ನಂಬಲರ್ಹವಲ್ಲ. ಎಣಿಕೆಯ ಕಿಂಡಿ ಇದ್ದರೆ ಅದನ್ನು ನೋಡಬೇಕು. ಇಲ್ಲದಿದ್ದರೆ ಲೆಕ್ಕ ಸುಲಭ: 120 ಬಾರಿಯ ಡಬ್ಬಿಯನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ಬಾರಿ ಸೇದಿದರೆ 30 ದಿನಕ್ಕೆ ಮುಗಿಯುತ್ತದೆ. ಪ್ರಾರಂಭಿಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಬೇಕು. ಖಾಲಿಯಾದ ಡಬ್ಬಿಯೂ ಒತ್ತಿದಾಗ ಬುಸ್ಸೆನ್ನುತ್ತದೆ, ಆದರೆ ಅದರಲ್ಲಿ ಔಷಧವಿರುವುದಿಲ್ಲ. ಡಬ್ಬಿಯನ್ನು ಬಿಸಿಲಿನಲ್ಲಿಡಬಾರದು, ಚುಚ್ಚಬಾರದು, ಬೆಂಕಿಗೆ ಎಸೆಯಬಾರದು.

ಲೋಕಲ್ ಗಾಡಿಯಲ್ಲಿ ಪ್ರಯಾಣಿಸುವವರು ಉಪಶಮನದ ಪಂಪನ್ನು ಮೇಲಿನ ಅಟ್ಟದ ಚೀಲದಲ್ಲಿಡದೆ ಅಂಗಿಯ ಜೇಬಿನಲ್ಲಿಯೇ ಇಡಬೇಕು. ಜನದಟ್ಟಣೆಯಲ್ಲಿ ಕೈ ಚೀಲಕ್ಕೆ ಎಟುಕದು. ಬೇಸಿಗೆಯ ರಜೆಗೂ ಊರಿನ ಜಾತ್ರೆಗೂ ಹೊರಡುವವರು ಹೋಗಿಬರುವ ದಿನಗಳಿಗೆ ಸಾಲುವಷ್ಟು ಔಷಧವನ್ನೂ ಔಷಧಚೀಟಿಯನ್ನೂ ಜೊತೆಗೊಯ್ಯಬೇಕು.

ಆಸ್ಪತ್ರೆಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ ಮಾತನಾಡಬೇಕಾಗಿ ಬಂದಾಗ ಹಿರಿಯರು ತಮ್ಮ ತೊಂದರೆಯನ್ನು ಪೂರ್ತಿ ಹೇಳಲಾರದೆ ಹೋಗುತ್ತಾರೆ. ಮರಾಠಿಯಲ್ಲಿ ಈ ಕಾಯಿಲೆಗೆ ದಮಾ ಎನ್ನುತ್ತಾರೆ. ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ, ವಾರಕ್ಕೆ ಎಷ್ಟು ಬಾರಿ ಉಪಶಮನದ ಪಂಪು ಬೇಕಾಗುತ್ತದೆ, ಎಷ್ಟು ಮೆಟ್ಟಿಲು ಹತ್ತಬಲ್ಲರು, ಮನೆಯಲ್ಲಿ ಯಾವ ಹೊಗೆ ಇದೆ ಎಂಬ ನಾಲ್ಕು ವಿಷಯಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಇನ್ಹೇಲರನ್ನೂ ಕೊಂಡೊಯ್ದು, ವೈದ್ಯರ ಮುಂದೆ ಒಮ್ಮೆ ಸೇದಿ ತೋರಿಸಬೇಕು. ತಪ್ಪುಗಳು ತಿದ್ದಿಕೊಳ್ಳುವುದು ಅಲ್ಲಿಯೇ. ಔಷಧದ ಪೆಟ್ಟಿಗೆಯ ಮೇಲೆ ಬೆಳಗಿನದಕ್ಕೆ ಸೂರ್ಯನನ್ನೂ ರಾತ್ರಿಯದಕ್ಕೆ ಚಂದ್ರನನ್ನೂ ಬರೆದಿಟ್ಟರೆ ಓದಲು ಬಾರದವರಿಗೂ ಅನುಕೂಲ.

ಹೊಗೆ ಮತ್ತು ಧೂಳಿನಿಂದ ದೂರ

ಬೀಡಿ, ಸಿಗರೇಟು ಸೇದುತ್ತಲೇ ಇನ್ಹೇಲರ್ ಸೇದುವುದು ತೂತಾದ ಕೊಡಕ್ಕೆ ನೀರು ತುಂಬಿದಂತೆ. ಬಿಡಲು ಬಯಸುವವರಿಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ನೆರವು ನೀಡುತ್ತದೆ, ಕರೆಗೆ ಶುಲ್ಕವಿಲ್ಲ. ಸೌದೆಯ ಒಲೆಯ ಬದಲು ಅಡುಗೆ ಅನಿಲವನ್ನು ಒದಗಿಸಲು 2016ರ ಮೇ 1ರಂದು ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾಯಿತು.

ಕೊಲ್ಲಿಯ ಬದಿಯಲ್ಲಿ ಸೊಳ್ಳೆಗಳು ಬಹಳ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆಬತ್ತಿ ಉರಿಸುವ ಮನೆಗಳಿವೆ. ಒಂದು ಸೊಳ್ಳೆಬತ್ತಿಯಿಂದ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮವೆಂದು 2003ರ ಅಧ್ಯಯನವೊಂದು ಕಂಡುಕೊಂಡಿತು. ಸೊಳ್ಳೆಪರದೆ ಇದಕ್ಕಿಂತ ಸುರಕ್ಷಿತ. ಅಗರಬತ್ತಿ, ಧೂಪ, ದೀಪಾವಳಿಯ ಪಟಾಕಿಗಳ ಹೊಗೆಯಿಂದಲೂ ರೋಗಿಗಳನ್ನು ದೂರವಿಡಬೇಕು.

ಹೊರಗಿನ ಗಾಳಿ ನಮ್ಮೊಬ್ಬರ ಕೈಯಲ್ಲಿಲ್ಲ. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಎಲ್ಲರ ಗಮನ ಸೆಳೆದಿತ್ತು. ಘಾಟು ಹೆಚ್ಚಿರುವ ಹೊತ್ತಿನಲ್ಲಿ ರೋಗಿಗಳು ಕಿಟಕಿ ಮುಚ್ಚಿ ಒಳಗಿರುವುದು, ಧೂಳಿನ ಕೆಲಸದವರು ಸರಿಯಾದ ಮುಖಗವಸು ಧರಿಸುವುದು ಅಗತ್ಯ. ದೀರ್ಘಕಾಲಿಕ ಶ್ವಾಸಕೋಶ ರೋಗವಿರುವವರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಚಿಕಿತ್ಸೆ ಎಲ್ಲಿ ದೊರೆಯುತ್ತದೆ?

ಕಳವಾದಲ್ಲಿ ಠಾಣೆ ಮಹಾನಗರ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಹಾಗೂ ಅದರೊಂದಿಗೆ ಸೇರಿರುವ ರಾಜೀವ್ ಗಾಂಧಿ ವೈದ್ಯಕೀಯ ಮಹಾವಿದ್ಯಾಲಯ ಇವೆ. ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಆಸ್ಪತ್ರೆ, ವಾಶಿಯಲ್ಲಿ ನವಿ ಮುಂಬಯಿ ಮಹಾನಗರ ಪಾಲಿಕೆಯ ಆಸ್ಪತ್ರೆ ಇವೆ. ಔಷಧವನ್ನು ಹೊರಗೆ ಕೊಳ್ಳಬೇಕಾದವರು ಪ್ರಧಾನಮಂತ್ರಿ ಭಾರತೀಯ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬೇಕು. ಇವುಗಳ ಸಂಖ್ಯೆ 2023ರಲ್ಲಿ ದೇಶದಾದ್ಯಂತ ಹತ್ತು ಸಾವಿರವನ್ನು ಮುಟ್ಟಿತು. ಇಲ್ಲಿ ಔಷಧಗಳು ಮೂಲ ಹೆಸರಿನಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಆದುದರಿಂದ ವ್ಯಾಪಾರದ ಹೆಸರಿನ ಬದಲು ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು.

ತುರ್ತು ಸಂದರ್ಭ

ಒಂದು ವಾಕ್ಯವನ್ನು ಪೂರ್ತಿ ಆಡಲಾರದಷ್ಟು ಏದುಸಿರು, ಪಕ್ಕೆಲುಬುಗಳ ನಡುವೆ ಒಳಸೆಳೆತ, ತುಟಿ ಅಥವಾ ಉಗುರು ನೀಲಿಗಟ್ಟುವುದು, ಮಂಪರು, ಉಪಶಮನದ ಪಂಪು ಸೇದಿದರೂ ಸುಧಾರಿಸದಿರುವುದು ಇವು ಅಪಾಯದ ಚಿಹ್ನೆಗಳು. ಸಿಳ್ಳೆಯ ಸದ್ದು ನಿಂತು ರೋಗಿ ಬಳಲಿ ಸುಮ್ಮನಾದರೆ ಗುಣವಾಯಿತೆಂದು ತಿಳಿಯಬಾರದು. ಗಾಳಿಯ ಚಲನೆಯೇ ಕುಗ್ಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಸಮೀಪದ ಆಸ್ಪತ್ರೆಗೆ ಒಯ್ಯಬೇಕು. ರೋಗಿಯನ್ನು ಮಲಗಿಸದೆ, ಸ್ವಲ್ಪ ಮುಂದಕ್ಕೆ ಬಾಗಿಸಿ ಕುಳ್ಳಿರಿಸಿ, ಬಿಗಿಯಾದ ಬಟ್ಟೆಯನ್ನು ಸಡಿಲಿಸಬೇಕು. ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿನ ಮೂಲಕ ಒಂದೊಂದಾಗಿ ನಾಲ್ಕು ಬಾರಿ ಕೊಡಬೇಕು. ಪ್ರತಿ ಬಾರಿಯೂ ನಾಲ್ಕು ಉಸಿರು ಎಳೆಸಬೇಕು. ನಾಲ್ಕು ನಿಮಿಷಗಳಲ್ಲಿ ಸುಧಾರಿಸದಿದ್ದರೆ, ನೆರವು ಬರುವವರೆಗೆ ಇದನ್ನೇ ಪುನರಾವರ್ತಿಸಬೇಕು. ಒಂದು ದಾಳಿಯಿಂದ ಪಾರಾದವರು ಮನೆಗೆ ಮರಳಿದ ನಂತರ ಒಂದು ವಾರದೊಳಗೆ ವೈದ್ಯರನ್ನು ಮತ್ತೆ ಕಂಡು ಚಿಕಿತ್ಸೆಯನ್ನು ಪರಿಷ್ಕರಿಸಿಕೊಳ್ಳಬೇಕು.

ಉಪಸಂಹಾರ

ಅಸ್ತಮಾವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಹಾಳಾದ ಶ್ವಾಸಕೋಶವನ್ನು ಹೊಸದಾಗಿಸುವ ಔಷಧವೂ ಇಲ್ಲ. ಆದರೆ ಅಸ್ತಮಾ ಇರುವ ಮಗು ಓಡಿ ಆಡಬಹುದು, ದುಡಿಯುವವರು ದುಡಿಮೆಯನ್ನು ಮುಂದುವರಿಸಬಹುದು, ಶ್ವಾಸಕೋಶ ಸವೆದ ಹಿರಿಯರು ಮೊಮ್ಮಕ್ಕಳ ಕೈ ಹಿಡಿದು ಸಂತೆಗೆ ಹೋಗಿಬರಬಹುದು. ಇದಕ್ಕೆ ಬೇಕಾದುದು ಬೆಳಿಗ್ಗೆ ಒಂದೆರಡು ನಿಮಿಷ, ರಾತ್ರಿ ಒಂದೆರಡು ನಿಮಿಷ ಮತ್ತು ಗುಣವಾಗಿದೆ ಎನಿಸಿದ ದಿನವೂ ಸಂಯುಕ್ತ ಇನ್ಹೇಲರನ್ನು ಬಿಡದೆ ಸೇದುವ ನಿಷ್ಠೆ. ಉಬ್ಬಸವಿಲ್ಲದ ದಿನದಲ್ಲಿ ಸೇದಿದ ಔಷಧವೇ ಉಬ್ಬಸ ಬರಬಹುದಾದ ರಾತ್ರಿಯಲ್ಲಿ ಪ್ರಾಣವನ್ನು ಕಾಯುತ್ತದೆ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಿಕ್ಕವರೂ ಇನ್ಹೇಲರಿನ ಬಳಕೆಯನ್ನೂ ಅಪಾಯದ ಚಿಹ್ನೆಗಳನ್ನೂ ತಿಳಿದಿರಬೇಕು.